ಹತ್ತನೆಯ ಹೆಸರು

ಹೋದ ತಿಂಗಳು ಒಂದು ರಾತ್ರಿ ವಾಟ್ಸಾಪ್‌ಗೆ ಮೆಸೇಜ್ ಬಂತು. "ಸರ್, ನೆಟ್ ಪಾಸಾಯ್ತು. ಮೊದಲು ನಿಮಗೇ ಹೇಳ್ತಿರೋದು. ಮುಂದೇನು ಮಾಡ್ಲಿ ಹೇಳಿ ಸರ್." ಕೆಳಗೆ, ಕಾಲೇಜು ಮೇಷ್ಟ್ರಾಗೋಕೆ ಬರೆಯುವ ಆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯ ಫಲಿತಾಂಶದ ಫೋಟೊ. ವಿಷಯ ತತ್ವಶಾಸ್ತ್ರ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹ ಅಂತ ಇತ್ತು. ಕಳಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ, ಮಳವಳ್ಳಿ ಕಡೆಯ ಹಳ್ಳಿ ಹುಡುಗಿ. ಓದಿದ ತಕ್ಷಣ ತುಂಬಾ ಖುಷಿಯಾಯಿತು. ಅಡುಗೆಮನೆಗೆ ಹೋಗಿ ಹೆಂಡತಿಗೂ ಹೇಳಿದೆ. ವಾಪಸ್ ಬಂದು ಉತ್ತರ ಬರೆಯೋಣ ಅಂತ ಫೋನ್ ಹಿಡಿದಾಗ ಆ ಕೊನೆಯ ಸಾಲು ಕಣ್ಣಿಗೆ ಬಿತ್ತು. ಮುಂದೇನು ಮಾಡ್ಲಿ. ಅಷ್ಟೇ, ಕೈ ನಿಂತುಹೋಯಿತು. ಎರಡು ದಿನ ಅವಳಿಗೆ ಒಂದು ಅಭಿನಂದನೆ ಕೂಡ ಬರೆಯಲಿಲ್ಲ.

ಆ ಪರೀಕ್ಷೆ ಪಾಸು ಮಾಡೋದು ಸುಲಭವಲ್ಲ. 3 ಗಂಟೆ, 150 ಪ್ರಶ್ನೆ, 300 ಅಂಕ. ಪ್ರಾಚೀನ ಭಾರತದ ಗೌತಮ ಮುನಿಯ ನ್ಯಾಯದರ್ಶನದಿಂದ ಹಿಡಿದು ಕಳೆದ ಶತಮಾನದ ವಿಟ್‌ಗನ್‌ಸ್ಟೈನ್‌ವರೆಗೆ ತಲೆಯಲ್ಲಿರಬೇಕು. ಅವಳು ಮೊದಲ ಸಲ ಬರೆದದ್ದು 2024ರ ಜೂನ್ 18ರಂದು. ಕತ್ತಲಲ್ಲೇ ಎದ್ದು, ಮೊದಲ ಬಸ್ ಹಿಡಿದು ಮೈಸೂರಿಗೆ ಬಂದು ಬರೆದು ಹೋಗಿದ್ದಳು. ಮಾರನೇ ದಿನವೇ ಆ ಪರೀಕ್ಷೆ ದೇಶದಾದ್ಯಂತ ರದ್ದಾಯಿತು. ಮತ್ತೆ ಓದಿದಳು. ಮತ್ತೆ ಬರೆದಳು. ಮಧ್ಯೆ ಮನೆಯಲ್ಲಿ ರೇಷ್ಮೆ ಹುಳುವಿನ ಕೆಲಸ, ಅಜ್ಜಿಯ ಆಸ್ಪತ್ರೆ, ಗಂಡಿನ ಕಡೆಯವರು ನೋಡೋಕೆ ಬರೋದು, ಎಲ್ಲವೂ ಇತ್ತು. ಇಷ್ಟೆಲ್ಲ ದಾಟಿ ಬಂದವಳಿಗೆ ಶಭಾಷ್ ಅನ್ನೋದಕ್ಕೂ ಬಾಯಿ ಬರಲಿಲ್ಲ ಅಂದರೆ ಅದಕ್ಕೆ ಕಾರಣ ಇದೆ. ಅವಳನ್ನು ಈ ದಾರಿಗೆ ಕರೆದುಕೊಂಡು ಬಂದವನು ನಾನು. ಹೇಗೆ ಕರೆದುಕೊಂಡು ಬಂದೆ ಅನ್ನೋದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಹೊಂಗೆ ಮರದ ಕೆಳಗೆ

2018ರ ಪ್ರವೇಶದ ದಿನಗಳು. ನಾನು ಆಗ ಮಂಡ್ಯ ಜಿಲ್ಲೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಈಗಲೂ ಅತಿಥಿ ಉಪನ್ಯಾಸಕನೇ, ಕಾಲೇಜು ಬೇರೆ. ಬಿ.ಎ.ಯಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ತತ್ವಶಾಸ್ತ್ರ ಅಂತ ಒಂದು ಕಾಂಬಿನೇಷನ್ ಇತ್ತು. ಹಿಂದಿನ ವರ್ಷ ಅದಕ್ಕೆ ಸೇರಿದವರು ಆರು ಜನ. ಆ ವರ್ಷ ಮೊದಲೇ ಮಾತು ಬಂತು. ಹತ್ತು ಮಕ್ಕಳಾದರೂ ಆಗಬೇಕು, ಇಲ್ಲದಿದ್ದರೆ ತೆಗೆದುಬಿಡುತ್ತೇವೆ ಅಂತ. ತೆಗೆದರೆ ನನ್ನ ಕೆಲಸವೂ ಹೋಗುತ್ತಿತ್ತು. ಮಗಳಿಗೆ ಆಗ ಎರಡು ವರ್ಷ. ಮೈಸೂರಿನಲ್ಲಿ ಬಾಡಿಗೆ ಮನೆ. ದಿನಾ ರೈಲಿನಲ್ಲಿ ಮಂಡ್ಯಕ್ಕೆ ಬಂದು, ಅಲ್ಲಿಂದ ಬಸ್ಸು.

ಅರ್ಜಿ ಕೊಡುವ ಕೌಂಟರ್ ಎದುರಿಗೆ ಒಂದು ಹೊಂಗೆ ಮರ. ಅದರ ಕೆಳಗೆ ಒಂದು ನೋಟ್‌ಬುಕ್ ಹಿಡಿದುಕೊಂಡು ನಿಂತೆ. ಮಾರ್ಕ್ಸ್ ಕಾರ್ಡ್ ಹಿಡಿದು ಗೊಂದಲದಲ್ಲಿ ನಿಂತ ಮಕ್ಕಳನ್ನು ಮಾತಾಡಿಸುತ್ತಿದ್ದೆ. ಯಾವುದು ತಗೋಬೇಕು ಅಂತಿದೀಯಪ್ಪ, ಹೀಗೊಂದು ವಿಷಯ ಇದೆ ನೋಡು, ಅಂತ. ಹತ್ತು ದಿನಕ್ಕೆ ನೋಟ್‌ಬುಕ್‌ನಲ್ಲಿ ಒಂಬತ್ತು ಹೆಸರಾಯಿತು. ಕೊನೆಯ ದಿನ ಮಧ್ಯಾಹ್ನ ಇವಳು ಅಪ್ಪನ ಜೊತೆ ಬಂದಳು. ಅರ್ಥಶಾಸ್ತ್ರ ಇದ್ದ ಕಾಂಬಿನೇಷನ್ ಬೇಕು ಅಂತ ಬಂದಿದ್ದಳು. ಅದರಲ್ಲಿ ಸೀಟೂ ಇತ್ತು. ನಾನು ಅವಳ ಹತ್ತಿರ ಹೋಗಿ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಹುಟ್ಟು, ಸಾವು, ಸರಿ, ತಪ್ಪು, ನಾವು ತಿಳಿದದ್ದು ನಿಜ ಅಂತ ಹೇಗೆ ಗೊತ್ತು, ಹೀಗೆಲ್ಲ. ಅವಳ ಕಣ್ಣು ಅರಳಿತು. ಅದು ಸುಳ್ಳಲ್ಲ. ಆಮೇಲೆ ಅವಳ ಅಪ್ಪ, ಹೆಗಲ ಮೇಲಿನ ಟವಲ್ಲಿನಲ್ಲಿ ಮುಖ ಒರೆಸಿಕೊಂಡು ಕೇಳಿದರು.

"ಇದ ಓದುದ್ರೆ ಏನಾಯ್ತಾಳೆ ಸಾ?"

"ಮೇಷ್ಟ್ರಾಗಬಹುದು. ಕಾಲೇಜಲ್ಲೇ."

"ನಿಮ್ಮಂಗಾ?"

"ಹೂಂ, ನನ್ ಹಾಗೆ."

ಅವರಿಗೆ ಅಷ್ಟು ಸಾಕಾಯಿತು. ಇಸ್ತ್ರಿ ಮಾಡಿದ ಶರ್ಟು, ಜೇಬಲ್ಲಿ ಪೆನ್ನು, ಕಾಲೇಜಿನೊಳಗೆ ಓಡಾಡುವ ಮನುಷ್ಯ. ನನ್ನ ಗೌರವಧನ ಎಷ್ಟು ಅಂತ ಅವರು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ರಜೆಯ ತಿಂಗಳಲ್ಲಿ ಅದೂ ಬರುವುದಿಲ್ಲ ಅಂತ ಹೇಳಲಿಲ್ಲ. ಪ್ರತಿ ವರ್ಷ ಮತ್ತೆ ಅರ್ಜಿ ಹಾಕಿ ಕಾಯಬೇಕು ಅಂತ ಹೇಳಲಿಲ್ಲ. ನೋಟ್‌ಬುಕ್‌ನಲ್ಲಿ ಹತ್ತನೆಯ ಹೆಸರು ಬರೆದುಕೊಂಡೆ. ಆ ಸಂಜೆ ರೈಲಿನಲ್ಲಿ ನಿರಾಳವಾಗಿ ನಿದ್ದೆ ಮಾಡಿದೆ.

ಕಾರ್ಯಭಾರದ ಲೆಕ್ಕ

ನಮ್ಮ ಕಡೆ ತತ್ವಶಾಸ್ತ್ರದ ಕೆಲಸ ಯಾಕೆ ಸಿಗೋದಿಲ್ಲ ಅಂತ ಕೇಳಿದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಈ ಕಾಲದಲ್ಲಿ ಅದು ಯಾರಿಗೆ ಬೇಕು ಅಂತ. ಈ ಮಾತನ್ನು ನಾನು ನಂಬೋದಿಲ್ಲ. ನಮ್ಮೂರಲ್ಲಿ ರಾತ್ರಿ ಎಲ್ಲಾ ತತ್ವಪದ ಹಾಡುವವರಿದ್ದಾರೆ. ಹಗಲೆಲ್ಲ ಗದ್ದೆಯಲ್ಲಿ ದುಡಿದವರು ತಂಬೂರಿ ಮುಂದೆ ಕೂತು, ದೇಹ ಯಾವುದು, ನಾನು ಯಾರು ಅಂತ ಬೆಳಗಿನ ಜಾವದವರೆಗೂ ಕೇಳುತ್ತಾರೆ. ರಾಮಾನುಜರು ವರ್ಷಗಟ್ಟಲೆ ಇದ್ದ ಮೇಲುಕೋಟೆ ಇರೋದು ಇದೇ ಮಂಡ್ಯ ಜಿಲ್ಲೆಯಲ್ಲಿ. ಜನಕ್ಕೆ ಬೇಡ ಅನ್ನೋದು ಸರಿಯಲ್ಲ. ಟೈಮ್‌ಟೇಬಲ್‌ನಲ್ಲಿ ಜಾಗ ಇಲ್ಲ, ಅಷ್ಟೇ. ಟೈಮ್‌ಟೇಬಲ್ ನಡೆಯೋದು ಕಾರ್ಯಭಾರದ ಮೇಲೆ, ಅಂದರೆ ವಾರಕ್ಕೆ ಎಷ್ಟು ಗಂಟೆ ಪಾಠ ಇದೆ ಅನ್ನೋದರ ಮೇಲೆ.

ಒಬ್ಬ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ ಇರಬೇಕು ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮ. ಮಕ್ಕಳು ಕಮ್ಮಿಯಾದರೆ ತರಗತಿ ಕಮ್ಮಿ, ತರಗತಿ ಕಮ್ಮಿಯಾದರೆ ಗಂಟೆ ಕಮ್ಮಿ. ಗಂಟೆ ಸಾಲದಿದ್ದರೆ ಕಾಯಂ ಹುದ್ದೆಗೆ ಆಧಾರ ಇಲ್ಲ. ಇದ್ದ ಹಿರಿಯರು ನಿವೃತ್ತರಾದ ಮೇಲೆ ಆ ಕುರ್ಚಿ ಹಾಗೇ ಉಳಿಯುತ್ತದೆ. ಅಲ್ಲಿಗೆ ನಮ್ಮಂಥವರು ಬರುತ್ತೇವೆ. ವರ್ಷಕ್ಕೊಬ್ಬ ಮೇಷ್ಟ್ರು ಬಂದು ಹೋಗುವ ವಿಷಯವನ್ನು ಮಕ್ಕಳು ಯಾಕೆ ನಂಬಿ ತಗೋತಾರೆ? ಅವರು ತಗೊಳ್ಳದಿದ್ದರೆ ಮತ್ತೆ ಗಂಟೆ ಕಮ್ಮಿ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನುತ್ತಾರಲ್ಲ, ಅದೇ. ನಮ್ಮ ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷ ಅಂತ ಹೆಸರಿದೆ. ಎರಡು ಮಾತು ಒಂದಕ್ಕೊಂದು ಆಧಾರವಾಗಿ ನಿಂತು, ಎರಡಕ್ಕೂ ನೆಲ ಸಿಗದೇ ಇರೋದು. ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಪಾಠ ಮಾಡುವ ದೋಷ ಇದು. ನನ್ನ ಬದುಕು ನಡೆಯುತ್ತಿರೋದೂ ಇದರೊಳಗೇ.

ದುಡ್ಡಿನ ಮಾತನ್ನೂ ಬರೆದುಬಿಡುತ್ತೇನೆ, ಮುಚ್ಚಿಡೋದು ಯಾಕೆ. ಯುಜಿಸಿ ವೇತನದಲ್ಲಿ ಹೊಸದಾಗಿ ಸೇರುವ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ 57,700 ರೂಪಾಯಿ. ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಿಗೆ 2022ಕ್ಕೂ ಮೊದಲು ಸಿಗುತ್ತಿದ್ದದ್ದು 11,000 ಅಥವಾ 13,000. 2022ರ ಜನವರಿಯಲ್ಲಿ ಅದು ಅರ್ಹತೆ, ಅನುಭವ ನೋಡಿ 26,000ದಿಂದ 32,000ದವರೆಗೆ ಆಯಿತು. ದೊಡ್ಡ ಹೋರಾಟದ ನಂತರ 2024ರಲ್ಲಿ ಸೇವೆಯ ವರ್ಷ ನೋಡಿ ಇನ್ನೂ 5,000ದಿಂದ 8,000 ಸೇರಿತು. ಮನೆಗೆ ಅಕ್ಕಿ ತರೋಕೆ ಅದು ನಿಜವಾಗಿ ನೆರವಾಯಿತು. ಆದರೆ 2022ರಲ್ಲಿ ದುಡ್ಡಿನ ಜೊತೆ ವಾರದ ಪಾಠವೂ 15 ಗಂಟೆಗೆ ಏರಿತು. ಅಂದರೆ ಮೊದಲು ಇಬ್ಬರು ಹಂಚಿಕೊಳ್ಳುತ್ತಿದ್ದ ಪಾಠ ಒಬ್ಬರಿಗೇ ಸಾಕಾಯಿತು. ಕನ್ನಡ, ವಾಣಿಜ್ಯದಂಥ ವಿಷಯದಲ್ಲಿ 15 ಗಂಟೆ ಸಲೀಸಾಗಿ ಸಿಗುತ್ತದೆ. ನಮಗೆ ಒಂದು ಕಾಲೇಜಿನಲ್ಲಿ ಅಷ್ಟು ಸಿಗೋದು ಕಷ್ಟ. ನನ್ನ ಗೆಳೆಯ ಒಬ್ಬ, ನನಗಿಂತ ಒಳ್ಳೆಯ ಮೇಷ್ಟ್ರು, ಆ ವರ್ಷ ಹೊರಗೆ ಉಳಿದ. ಈಗ ಅವನು ಹುಣಸೂರು ರಸ್ತೆಯಲ್ಲಿ ಒಂದು ಟೈಲ್ಸ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಅವನ ಪಿಎಚ್‌ಡಿ ಶಂಕರರ ಅಧ್ಯಾಸದ ಮೇಲೆ, ಅಂದರೆ ಹಗ್ಗವನ್ನು ಹಾವು ಅಂದುಕೊಳ್ಳುವಂಥ ತಪ್ಪು ತಿಳಿವಿನ ಮೇಲೆ.

ಕಾಯಂ ಹುದ್ದೆಗೆ 2021ರಲ್ಲಿ ರಾಜ್ಯದಲ್ಲಿ 1,242 ಸಹಾಯಕ ಪ್ರಾಧ್ಯಾಪಕರ ನೇಮಕಾತಿ ಕರೆದರು. ಅಂಥ ಪಟ್ಟಿ ಬಂದಾಗ ನಾವು ಮೊತ್ತ ನೋಡಿ ಸಂಭ್ರಮಿಸುವ ಜನ ಅಲ್ಲ. ತತ್ವಶಾಸ್ತ್ರಕ್ಕೆ ಎಷ್ಟು ಅಂತ ನೋಡೋಕೆ ನೇರ ವಿಷಯವಾರು ಕೋಷ್ಟಕಕ್ಕೆ ಹೋಗುತ್ತೇವೆ. ಅಂಥ ನೇಮಕಾತಿ ವರ್ಷ ವರ್ಷ ಬರೋದಿಲ್ಲ. ಎರಡು ನೇಮಕಾತಿಗಳ ನಡುವೆ ವಯಸ್ಸು ಸುಮ್ನೆ ಕೂತಿರೋದಿಲ್ಲ, ವಯೋಮಿತಿ ಹತ್ತಿರ ಬರುತ್ತಿರುತ್ತದೆ.

ಮೈಸೂರಿನಲ್ಲಿ ಕೂತು ಇದನ್ನು ಬರೆಯುವಾಗ ಇನ್ನೊಂದು ಸಂಕಟ. ಸೆಪ್ಟೆಂಬರ್ 5ರಂದು ಪ್ರತಿ ಕಾಲೇಜಿನಲ್ಲೂ ಹೇಳುವ ಕತೆ ನಿಮಗೂ ಗೊತ್ತು. ರಾಧಾಕೃಷ್ಣನ್ 1918ರಿಂದ 1921ರವರೆಗೆ ಇಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರು. ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳೇ ಸಾರೋಟು ಎಳೆದು ರೈಲ್ವೆ ಸ್ಟೇಷನ್‌ಗೆ ಬಿಟ್ಟುಬಂದರು. ಭಾರತೀಯ ತತ್ವಶಾಸ್ತ್ರದ ವಿದ್ವಾಂಸ ಎಂ. ಹಿರಿಯಣ್ಣನವರಂಥವರು ಪಾಠ ಮಾಡಿದ ಊರು ಇದು. ಮಹಾರಾಜಾ ಕಾಲೇಜಿನ ಮುಂದೆ ಹಾದುಹೋಗುವಾಗ ನನಗೆ ಈಗಲೂ ಎದೆ ತುಂಬುತ್ತದೆ. ಆ ಕತೆ ಹೇಳುವಾಗ ನಮ್ಮ ದನಿ ಏರುತ್ತದೆ. ಆ ವಿಷಯಕ್ಕೆ ಈ ವರ್ಷ ಎಷ್ಟು ಗಂಟೆ ಅನ್ನುವಾಗ ಇಳಿಯುತ್ತದೆ. ಪಿಯುನಲ್ಲಿ ತರ್ಕಶಾಸ್ತ್ರ ಅಂತ ಒಂದು ವಿಷಯ ಇವತ್ತಿಗೂ ಇದೆ. ಎಷ್ಟು ಕಾಲೇಜು ಅದನ್ನು ಕೊಡುತ್ತವೆ? ಹಿಂದಿನ ಪದ್ಧತಿಯಲ್ಲಿ ಬೇರೆ ವಿಭಾಗದ ವಿಷಯವನ್ನೂ ತಗೋಬಹುದಾದ ಓಪನ್ ಎಲೆಕ್ಟಿವ್ ಅಂತ ಇದ್ದಾಗ ನನ್ನ ತರ್ಕದ ತರಗತಿಗೆ ಬಿ.ಕಾಂ. ಮಕ್ಕಳು ನಲವತ್ತು ಜನ ಬಂದಿದ್ದರು. ಕಿಟಕಿ ಕಟ್ಟೆ ಮೇಲೂ ಕೂತಿದ್ದರು. 2024ರಲ್ಲಿ ಪದ್ಧತಿ ಬದಲಾಯಿತು, ನಮ್ಮ ಕಾಲೇಜಿನಲ್ಲಿ ಆ ತರಗತಿ ಮುಂದುವರಿಯಲಿಲ್ಲ. ಮಕ್ಕಳಿಗೆ ಬೇಡ ಅನ್ನುವವರಿಗೆ ಆ ನಲವತ್ತು ಮುಖ ತೋರಿಸಬೇಕು ಅನಿಸುತ್ತದೆ.

ನಾಲೆ ಮೇಲಿನ ಹೊಗೆ

ಆ ಹತ್ತು ಜನರ ತರಗತಿಯ ಒಂದು ಬೆಳಿಗ್ಗೆ ನನಗೆ ಮರೆಯೋಕಾಗಿಲ್ಲ. ಡಿಸೆಂಬರ್ ಇರಬೇಕು. ಅನುಮಾನ ಪ್ರಮಾಣದ ಪಾಠ. ಇಲ್ಲಿ ಅನುಮಾನ ಅಂದರೆ ಸಂಶಯ ಅಲ್ಲ, ಕಂಡದ್ದರಿಂದ ಕಾಣದ್ದನ್ನು ಊಹಿಸಿ ತಿಳಿಯೋದು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಅನ್ನೋ ಹಳೆಯ ಉದಾಹರಣೆ. ನಮ್ಮ ಮಕ್ಕಳಿಗೆ ಬೆಟ್ಟಕ್ಕಿಂತ ಆಲೆಮನೆ ಹತ್ತಿರ. ಹಾಗಾಗಿ ಕಬ್ಬಿನ ಗದ್ದೆ ಆಚೆ ಹೊಗೆ ಎದ್ದರೆ ಆಲೆಮನೆ ಒಲೆ ಹತ್ತಿದೆ ಅಂತ ತಿಳೀತೀರಲ್ಲ, ಬಿಸಿ ಬೆಲ್ಲ ತಿನ್ನೋಕೆ ಓಡ್ತೀರಲ್ಲ, ಅದೇ ಅನುಮಾನ ಅಂದೆ. ಎಲ್ಲರೂ ನಕ್ಕರು. ಇವಳು ಮಾತ್ರ ಎದ್ದು ನಿಂತಳು. "ಸರ್, ಚಳಿಗಾಲದಲ್ಲಿ ಬೆಳಿಗ್ಗೆ ನಾಲೆ ಮೇಲೆ ಹೊಗೆ ಥರ ಏಳುತ್ತಲ್ಲ, ಅಲ್ಲಿ ಬೆಂಕಿ ಎಲ್ಲಿದೆ?" ಒಳ್ಳೆ ಪ್ರಶ್ನೆ ಕಣಮ್ಮ, ಅದು ಆವಿ, ಹೊಗೆ ಅಲ್ಲ, ಹೊಗೆ ಅಂತ ತಪ್ಪು ತಿಳಿದರೆ ಅನುಮಾನವೂ ತಪ್ಪಾಗುತ್ತೆ ಅಂದೆ. ಅವಳು ಕೂರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಕೇಳಿದಳು.

"ಸರ್, ನಾನು ಆವೀನೇ ಹೊಗೆ ಅಂದ್ಕೊಂಡು, ಅಲ್ಲಿ ಬೆಂಕಿ ಇದೆ ಅಂತ ಹೋದೆ ಅಂತಿಟ್ಕೊಳ್ಳಿ. ಹೋಗಿ ನೋಡಿದ್ರೆ ಅಲ್ಲಿ ಯಾರೋ ಚಳಿ ಕಾಯ್ಸೋಕೆ ನಿಜವಾಗ್ಲೂ ಬೆಂಕಿ ಹಾಕಿದಾರೆ. ಹಂಗಾದ್ರೆ ಬೆಂಕಿ ಇದೆ ಅಂತ ನಂಗೆ ಗೊತ್ತಿತ್ತು ಅನ್ನೋದಾ, ಗೊತ್ತಿರ್ಲಿಲ್ಲ ಅನ್ನೋದಾ?"

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಹಾಗೇ ನಿಂತಿತು. ಇದೇ ಪ್ರಶ್ನೆಯನ್ನು 12ನೇ ಶತಮಾನದ ತತ್ವಜ್ಞಾನಿ ಶ್ರೀಹರ್ಷ ಕೇಳಿದ್ದಾನೆ. ಆವಿಯನ್ನು ಹೊಗೆ ಅಂದುಕೊಂಡವನಿಗೆ ಬೆಂಕಿ ಅಲ್ಲೇ ಸಿಕ್ಕರೆ ಅದನ್ನು ಜ್ಞಾನ ಅನ್ನಬೇಕೋ ಬೇಡವೋ ಅಂತ. ಪಶ್ಚಿಮದಲ್ಲಿ ಇಂಥದ್ದೇ ಪ್ರಶ್ನೆ ಎತ್ತಿ ಹೆಸರಾದವನು ಎಡ್ಮಂಡ್ ಗೆಟಿಯರ್, 1963ರಲ್ಲಿ, ಬರೀ ಮೂರು ಪುಟದ ಲೇಖನದಲ್ಲಿ. (ಏನಾದರೂ ಪ್ರಕಟಿಸದಿದ್ದರೆ ಕೆಲಸ ಕಾಯಂ ಆಗೋದಿಲ್ಲ ಅಂತ ಸಹೋದ್ಯೋಗಿಗಳು ಒತ್ತಾಯ ಮಾಡಿದ್ದಕ್ಕೆ ಅವನು ಅದನ್ನು ಬರೆದ ಅಂತ ಹೇಳುತ್ತಾರೆ. ಅಲ್ಲೂ ಈ ಕೆಲಸದ ಚಿಂತೆಯೇ.) ಇವರಿಬ್ಬರ ಹೆಸರೂ ಕೇಳದ ಹದಿನೆಂಟು ವರ್ಷದ ಹುಡುಗಿ, ಮನೆ ಪಕ್ಕದ ನಾಲೆ ನೋಡಿಕೊಂಡು ಆ ಪ್ರಶ್ನೆಗೆ ತಾನೇ ಬಂದಿದ್ದಳು. ಆ ಗಂಟೆ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಸುಮ್ಮನೆ ಕೂತಿದ್ದೆ. ನಾನು ಈ ಕೆಲಸ ಬಿಡದೇ ಇರೋದು ಯಾಕೆ ಅಂತ ಕೇಳಿದವರಿಗೆ ಆ ಬೆಳಿಗ್ಗೆ ಬಿಟ್ಟರೆ ಬೇರೆ ಉತ್ತರ ನನ್ನ ಹತ್ತಿರ ಇಲ್ಲ.

ತಲೆ ಎಣಿಸಿ ಕೊಡುತ್ತಿದ್ದ ಫೀಸು

ಈಗ ಜರ್ಮನ್ ತತ್ವಜ್ಞಾನಿ ಕಾಂಟ್ ವಿಷಯ. ಅವನೂ ಹದಿನೈದು ವರ್ಷ ನಮ್ಮಂಥವನೇ ಆಗಿದ್ದ ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. 1755ರಿಂದ 1770ರವರೆಗೆ ಕ್ಯೋನಿಗ್ಸ್‌ಬರ್ಗ್‌ನಲ್ಲಿ ಅವನಿಗೆ ವಿಶ್ವವಿದ್ಯಾಲಯದ ಸಂಬಳ ಇರಲಿಲ್ಲ. ಪಾಠಕ್ಕೆ ಬಂದ ವಿದ್ಯಾರ್ಥಿಗಳು ಕೊಟ್ಟ ಫೀಸೇ ಗತಿ. ತರ್ಕ, ನೀತಿ ಅಲ್ಲದೆ ಗಣಿತ, ಭೂಗೋಳ ಕೂಡ ಪಾಠ ಮಾಡಿದ. 1766ರಿಂದ ಲೈಬ್ರರಿಯಲ್ಲಿ ಸಹಾಯಕನಾಗಿಯೂ ದುಡಿದ. ಪ್ರಾಧ್ಯಾಪಕ ಹುದ್ದೆ ಸಿಕ್ಕಾಗ ಅವನಿಗೆ ಸುಮಾರು 46 ವರ್ಷ. ನಮ್ಮ ಅತಿಥಿ ಉಪನ್ಯಾಸಕರ ಗುಂಪಿನಲ್ಲಿ ಈ ಕತೆಯನ್ನು ಸಮಾಧಾನಕ್ಕೆ ಹೇಳುತ್ತೇವೆ. ಕಾಂಟ್‌ಗೇ ಅಷ್ಟು ದಿನ ಆಯ್ತು, ತಡಿಯಪ್ಪ ಅಂತ. ನಾನೂ ಹೇಳಿದ್ದೇನೆ.

ಆದರೆ ಇವಳ ಮೆಸೇಜ್ ಬಂದ ಮೇಲೆ ನನಗೆ ಆ ಕತೆ ಬೇರೆ ಥರ ಕಾಣುತ್ತಿದೆ. ತಲೆ ಎಣಿಸಿ ಹೊಟ್ಟೆ ಹೊರೆದವನು ಅವನು. ತರಗತಿಗೆ ಎಷ್ಟು ಜನ ಬಂದರು ಅನ್ನೋದರ ಮೇಲೆ ಅವನ ಊಟ ನಿಂತಿತ್ತು. ಅದೇ ಮನುಷ್ಯ 1785ರಲ್ಲಿ ಬರೆದ, ಯಾವ ಮನುಷ್ಯನನ್ನೂ ಬರೀ ನಿನ್ನ ಉಪಯೋಗದ ಸಾಧನವಾಗಿ ಕಾಣಬೇಡ, ಅವನೇ ಒಂದು ಗುರಿ ಅಂತ. ಈ ಮಾತನ್ನು ನಾನು ಹತ್ತಾರು ಸಲ ಪಾಠ ಮಾಡಿದ್ದೇನೆ. ಇವಳಿಗೂ ಮಾಡಿದ್ದೇನೆ. ಪಾಠ ಮಾಡುವಾಗ ಒಮ್ಮೆಯೂ ಆ ನೋಟ್‌ಬುಕ್ ನೆನಪಾಗಲಿಲ್ಲ. ಅವತ್ತು ಹೊಂಗೆ ಮರದ ಕೆಳಗೆ ಅವಳು ನನಗೆ ಬೇಕಾಗಿದ್ದದ್ದು ಹತ್ತನೆಯ ಹೆಸರಾಗಿ. ಅವಳಿಗೆ ಈ ವಿಷಯ ಒಗ್ಗಿತು, ಅವಳಲ್ಲಿ ಅಂಥ ಬುದ್ಧಿ ಇತ್ತು ಅನ್ನೋದು ನನಗೆ ಆಮೇಲೆ ಗೊತ್ತಾದದ್ದು. ಸೇರಿಸಿಕೊಂಡಾಗ ಗೊತ್ತಿರಲಿಲ್ಲ.

ಹಾಗಂತ ಎಲ್ಲ ಅಂಕಿಯನ್ನೂ ಮೊದಲೇ ಹೇಳಿಬಿಟ್ಟರೆ? ಇಲ್ಲಿ ನನ್ನ ತಲೆ ಕೆಡುತ್ತದೆ. ಹೇಳಿದರೆ ಮಕ್ಕಳು ಬರೋದಿಲ್ಲ. ಬರದಿದ್ದರೆ ಕಾಂಬಿನೇಷನ್ ಹೋಗುತ್ತದೆ. ನಾಲೆ ನೋಡಿ ಪ್ರಶ್ನೆ ಕೇಳುವ ಇನ್ನೊಬ್ಬ ಹುಡುಗಿಗೆ ಆ ತರಗತಿಯೇ ಇರೋದಿಲ್ಲ. ಸತ್ಯ ಹೇಳಿ ವಿಷಯವನ್ನು ಕೊಲ್ಲಬೇಕಾ, ಅರ್ಧ ಹೇಳಿ ಮಕ್ಕಳನ್ನು ಬಾವಿಗೆ ಇಳಿಸಬೇಕಾ? ಕೆಲವರು ಸುಲಭದ ದಾರಿ ಹೇಳುತ್ತಾರೆ. ಯುಪಿಎಸ್‌ಸಿಗೆ ತತ್ವಶಾಸ್ತ್ರ ಐಚ್ಛಿಕ ತಗೋಬಹುದು, ಪಠ್ಯ ಚಿಕ್ಕದು ಅಂತ ಹೇಳಿ ಸೇರಿಸಿಕೊಳ್ಳಿ ಅಂತ. ಅದು ನಿಜವೇ. ಆದರೆ ಮೇಷ್ಟ್ರಾಗ್ತೀನಿ ಅಂತ ಬಂದವಳಿಗೆ ಅದು ಉತ್ತರ ಆಗೋದಿಲ್ಲ ಅಲ್ವಾ.

ಕುಕ್ಕರಹಳ್ಳಿ ಕೆರೆ ಏರಿ

ಮೂರನೇ ದಿನ ಫೋನ್ ಮಾಡಿದೆ. ಮಾನಸಗಂಗೋತ್ರಿಗೆ ಪ್ರಮಾಣಪತ್ರದ ಕೆಲಸಕ್ಕೆ ಬರೋದಿತ್ತು ಅವಳಿಗೆ. ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತೆವು. ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಂಡು ಹೋಗಿದ್ದೆ. ಅತಿಥಿ ಉಪನ್ಯಾಸಕರ ಗೌರವಧನ, ವಾರದ ಗಂಟೆ, ನೇಮಕಾತಿ ಯಾವಾಗ ಕರೆದಿದ್ದರು, ವಯೋಮಿತಿ. ಪಿಯು ಉಪನ್ಯಾಸಕಿ ಆಗಬೇಕಾದರೆ ಬಿ.ಎಡ್. ಕೂಡ ಬೇಕು ಅನ್ನೋದು. ಇನ್ನೊಮ್ಮೆ ನೆಟ್ ಬರೆದು, ಸಂಶೋಧನೆಗೆ ಕೊಡುವ ಫೆಲೋಶಿಪ್ ಆದ ಜೆಆರ್‌ಎಫ್ ತೆಗೆದರೆ ಪಿಎಚ್‌ಡಿಗೆ ತಿಂಗಳಿಗೆ 37,000 ಸಿಗುತ್ತದೆ, ಆದರೆ ಪಿಎಚ್‌ಡಿ ಮುಗಿದ ಮೇಲೆ ಇದೇ ಪಟ್ಟಿಗೆ ವಾಪಸ್ ಬರಬೇಕು ಅನ್ನೋದು. ನನ್ನದೇ ಹನ್ನೊಂದು ವರ್ಷದ ಲೆಕ್ಕವನ್ನೂ ಕೆಳಗೆ ಬರೆದಿದ್ದೆ. ಯಾವ ವರ್ಷ ಯಾವ ಕಾಲೇಜು, ಎಷ್ಟು ತಿಂಗಳು ದುಡ್ಡು ಬಂತು, ಎಷ್ಟು ತಿಂಗಳು ಬರಲಿಲ್ಲ.

ಅವಳು ನಿಧಾನವಾಗಿ ಓದಿದಳು. ಕೆರೆ ಮಧ್ಯದ ಮರಗಳ ಮೇಲೆ ಹಕ್ಕಿಗಳು ಇಳಿಯುವ ಹೊತ್ತು. ಓದಿ, ಹಾಳೆ ಮಡಿಸಿ, ಬ್ಯಾಗಿಗೆ ಹಾಕಿಕೊಂಡಳು.

"ಇದನ್ನ ಅವತ್ತೇ ಹೇಳಿದ್ರೆ ನಾನು ಈ ಸಬ್ಜೆಕ್ಟ್ ತಗೋತಿರ್ಲಿಲ್ಲ ಸರ್."

"ಗೊತ್ತಮ್ಮ."

"ತಗೊಂಡಿದ್ದಕ್ಕೆ ಬೇಜಾರಿಲ್ಲ. ನಿಜವಾಗ್ಲೂ ಇಲ್ಲ. ಆದ್ರೆ ನೀವು ಹೇಳ್ಬೇಕಿತ್ತು. ನಮ್ಮಪ್ಪ ಕೇಳಿದ್ರಲ್ಲ."

ಅವಳಿಗೆ ಅದು ನೆನಪಿದೆ ಅಂತ ನಾನು ಅಂದುಕೊಂಡಿರಲಿಲ್ಲ. ತಪ್ಪಾಯ್ತು ಅಂದೆ. ಅವಳು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಬಿ.ಎಡ್. ಅರ್ಜಿ ಯಾವಾಗ ಕರೀತಾರೆ ಅಂತ ವಿಚಾರಿಸಿದಳು. ಜೆಆರ್‌ಎಫ್‌ಗೆ ಇನ್ನೊಂದು ಸಲ ಬರೀತೀನಿ, ಅಪ್ಪ ಒಂದು ವರ್ಷ ಟೈಮ್ ಕೊಟ್ಟಿದಾರೆ ಅಂದಳು. ಏಳೂವರೆಗೆ ಅವಳ ಬಸ್ಸು. ಸಬರ್ಬ್ ಬಸ್ ಸ್ಟ್ಯಾಂಡಿನವರೆಗೂ ಹೋಗಿ ಹತ್ತಿಸಿ ಬಂದೆ.

ಈ ವರ್ಷದ ಪ್ರವೇಶ ಈಗ ನಡೆಯುತ್ತಿದೆ. ಈ ಕಾಲೇಜಿನಲ್ಲೂ ಸಂಖ್ಯೆಯ ಮಾತು ಬಂದಿದೆ, ಇಲ್ಲೂ ಹತ್ತು. ನನ್ನ ನೋಟ್‌ಬುಕ್ಕಿನ ಜೊತೆ ಈ ಸಲ ಆ ಹಾಳೆಯ ಜೆರಾಕ್ಸ್ ಪ್ರತಿಗಳಿವೆ. ಮೊದಲು ವಿಷಯದ ಬಗ್ಗೆ ಮಾತಾಡುತ್ತೇನೆ, ಮನಸ್ಸು ಬಿಚ್ಚಿ. ಆಮೇಲೆ ಹಾಳೆ ಕೊಟ್ಟು, ಮನೆಗೆ ತಗೊಂಡು ಹೋಗಿ ಅಪ್ಪ ಅಮ್ಮನ ಹತ್ತಿರ ಓದಿಸಿ ನಾಳೆ ಬಾ ಅನ್ನುತ್ತೇನೆ. ತುಂಬಾ ಜನ ಮಾರನೇ ದಿನ ಬರೋದಿಲ್ಲ. ನಿನ್ನೆ ಒಬ್ಬ ಹುಡುಗ ಬಂದ, ಪಾಂಡವಪುರದ ಕಡೆಯವನು. ಹಾಳೆಯ ಹಿಂದೆ ಅವನ ಅಮ್ಮ ಪೆನ್ಸಿಲ್‌ನಲ್ಲಿ ಕೂಡಿ ಕಳೆದು ಲೆಕ್ಕ ಹಾಕಿದ್ದರು. ಜೊತೆಗೆ ಹಿಸ್ಟರಿ ಇರುತ್ತಲ್ಲ ಸರ್, ಅದರಲ್ಲೂ ಎಂ.ಎ. ಮಾಡಬಹುದಲ್ಲ, ಅಮ್ಮ ಕೇಳು ಅಂದ್ರು ಅಂದ. ಮಾಡಬಹುದು ಅಂದೆ. ಹಾಗಾದ್ರೆ ಬರ್ಕೊಳ್ಳಿ ಅಂದ.

ಅವನದು ಏಳನೆಯ ಹೆಸರು. ಇನ್ನು ನಾಲ್ಕು ದಿನ ಇದೆ.